ಪಕ್ಕದ ಸೀಟಿನ ಬ್ರೇಕು

ಕಾರು ಕಲಿಸುವ ಕಾರಿಗೆ ಬ್ರೇಕು ಎರಡು. ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವನ ಕಾಲಿಗೆ; ಕ್ಲಚ್ಚೂ ಹಾಗೆಯೇ. ಕಲಿಯುವವರು ಗೋಡೆಗೋ ಲಾರಿಗೋ ಮುತ್ತಿಡಲು ಹೊರಟಾಗ ತುಳಿಯಲಿ ಎಂದು ಇಟ್ಟದ್ದು ಆ ಎರಡನೇ ಬ್ರೇಕು. ಆದರೆ ನಮ್ಮ ಹುಡುಗ ಕೆಲಸಕ್ಕಿದ್ದ ಡ್ರೈವಿಂಗ್ ಸ್ಕೂಲಿನಲ್ಲಿ ಅದಕ್ಕೆ ಬೇರೊಂದು ಉಪಯೋಗವೂ ಇತ್ತು. ಪರೀಕ್ಷೆಯ ದಿನ ಇನ್‌ಸ್ಪೆಕ್ಟರು ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಅವರಿಗೆ ಮುಂದಿನವರ ತಲೆ ಕಾಣುತ್ತದೆ, ಕೈ ಕಾಣುತ್ತದೆ, ಕಾಲು ಕಾಣುವುದಿಲ್ಲ. ಆ ಮರೆಯಲ್ಲಿ ಕಲಿಸುವವನ ಕಾಲು ಸದ್ದಿಲ್ಲದೆ ಒಂದಿಷ್ಟು ಬ್ರೇಕು, ಒಂದಿಷ್ಟು ಕ್ಲಚ್ಚು ಒತ್ತಿ ಏನೂ ಬಾರದವರನ್ನೂ ದಡ ಸೇರಿಸುತ್ತಿತ್ತು. ಇದಕ್ಕೆ ಸ್ಕೂಲಿನಲ್ಲಿ 'ಕಾಲು ಕೊಡೋದು' ಎಂದು ಹೆಸರು. "ಬಾಯಿ ಕಲಿಸ್ಲಿ ಬಿಡ್ಲಿ, ಕಾಲು ಪಾಸು ಮಾಡಿಸ್ಬೇಕು ಕಣ್ರೋ," ಎಂದು ಯಜಮಾನ ಹೊಟ್ಟೆ ಸವರಿಕೊಂಡು ಹೇಳುತ್ತಿದ್ದ.

ಕಾಲು ಕೊಟ್ಟು ಪಾಸು ಮಾಡಿಸಿದವರು ಅಲ್ಲಿ ಬೇಕಾದಷ್ಟು ಜನ. ಕಾಲು ಕೊಟ್ಟು ಫೇಲು ಮಾಡಿಸಿದವನು ಇವನೊಬ್ಬನೇ. ಅದೂ ತಾನು ಮನಸ್ಸಿಟ್ಟ ಹುಡುಗಿಯನ್ನು.

ಅವನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಗೌರವಕ್ಕಲ್ಲ, ಗೇಲಿಗೆ. ಹೈಸ್ಕೂಲು ಅರ್ಧ ಹತ್ತಿ, ಕೆನ್ನೆಗೆ ಬಾರಿಸಿದ ಗಣಿತದ ಮೇಷ್ಟ್ರ ಕೈ ಹಿಡಿದು ತಿರುಚಿ, ಚೀಲವನ್ನು ಬೆಂಚಿನ ಮೇಲೇ ಬಿಟ್ಟು ಹೊರಬಿದ್ದವನು ಅವನು. ಮತ್ತೆ ಆ ಕಡೆ ತಲೆಹಾಕಿಯೂ ಮಲಗಲಿಲ್ಲ. ಗ್ಯಾರೇಜು, ಗೋದಾಮು, ಲಾರಿ ಎಂದು ಸುತ್ತಿ ಸುತ್ತಿ ಕೊನೆಗೆ ಕಲಿಸುವ ಕೆಲಸಕ್ಕೇ ಬಂದು ಕೂತಾಗ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ಆ ಅಕ್ಕ; ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಕೆಲಸ ಅವಳದು. "ನಿನ್ನ ಮೂಗಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ರೆ ಸಾಕು, ಕರೆಂಟೇ ಬೇಡ," ಎನ್ನುತ್ತಿದ್ದಳು.

ಸಿಟ್ಟಿನ ವಿಷಯದಲ್ಲಿ ಅಕ್ಕ ಹೇಳಿದ್ದು ಅಪ್ಪಟ ನಿಜ. ಕಾರಿಗೆ ಬಂದು ಕೂತವರು ಯಾರೇ ಇರಲಿ ಅವನ ನಾಲಿಗೆಗೆ ಕಡಿವಾಣ ಇರಲಿಲ್ಲ. "ಕ್ಲಚ್ಚು ಬಿಡಿ ಅಂದ್ರೆ ಸಂಸಾರ ಬಿಟ್ಟು ಓಡೋ ಹಾಗೆ ಬಿಡ್ತೀರಲ್ಲ ಸ್ವಾಮಿ! ನಿಧಾನ!" "ಕನ್ನಡಿ ಇರೋದು ಹಿಂದೆ ನೋಡೋಕೆ, ಪೌಡರ್ ಹಚ್ಕೊಳ್ಳೋಕಲ್ಲ!" ಬೈಸಿಕೊಂಡು ಕಣ್ಣೊರೆಸಿಕೊಂಡವರಿದ್ದರು. ಬಾಗಿಲು ಬಡಿದು ಇಳಿದುಹೋದವರಿದ್ದರು. ಬೈದು ಮುಗಿಸಿದ ಮೇಲೆ ಅವನಿಗೆ ಎದೆಯ ಭಾರ ಇಳಿದಂತಾಗುತ್ತಿತ್ತು. ತನ್ನನ್ನು ಬೈದವರಿಗೆಲ್ಲ ಸೇರಿಸಿ ಬೈದಂತೆ.

ಅಂಥವನ ಕಾರಿಗೆ ಒಂದು ಬೆಳಿಗ್ಗೆ ಲ್ಯಾಬಿನ ಹುಡುಗಿ ಬಂದು ಕೂತಳು. ರಕ್ತ ಪರೀಕ್ಷೆ ಮಾಡುವ ಲ್ಯಾಬು. ಮನೆಮನೆಗೆ ಹೋಗಿ ರಕ್ತ ತೆಗೆದು, ಟ್ಯೂಬುಗಳನ್ನು ನೀಲಿ ಪೆಟ್ಟಿಗೆಯಲ್ಲಿ ಐಸಿನ ನಡುವೆ ಜೋಡಿಸಿ, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತರುವವಳು ಅವಳು. ಲ್ಯಾಬಿನವರು ಒಂದು ವ್ಯಾನು ಕೊಳ್ಳುವವರಿದ್ದರು. ಓಡಿಸಲು ಬಂದರೆ ವ್ಯಾನು ನಿನಗೇ, ಹುದ್ದೆಯೂ ಮೇಲಿನದು ಎಂದು ಅವಳಿಗೆ ಮಾತು ಕೊಟ್ಟಿದ್ದರು. ಅವಳಪ್ಪ ಬಸ್ಸು ಓಡಿಸುತ್ತಿದ್ದವರು, ಕಣ್ಣು ಕೈಕೊಟ್ಟ ಮೇಲೆ ಮನೆಯಲ್ಲಿದ್ದರು. ಅವರ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತೇ ಬೆಳೆದ ಹುಡುಗಿಗೆ ಸ್ಟೀರಿಂಗು ಎಂದರೆ ತವರು.

ಅವಳು ಸೀಟು ಮುಂದಕ್ಕೆಳೆದುಕೊಂಡು, ಕನ್ನಡಿ ತಿರುಗಿಸಿ ಸರಿಮಾಡಿ, "ನೀವು ತುಂಬ ಬೈತೀರಂತೆ," ಎಂದಳು.

"ಯಾರಂದ್ರು?"

"ನಿಮ್ಮ ಯಜಮಾನ್ರೇ. ಕಿವಿಗೆ ಹತ್ತಿ ತಂದ್ಕೋಮ್ಮ ಅಂದ್ರು. ನಮ್ಮ ಲ್ಯಾಬಲ್ಲಿ ಹತ್ತಿಗೇನು ಬರ?" ಎಂದು ನಿಜಕ್ಕೂ ಜೇಬಿನಿಂದ ಎರಡು ಉಂಡೆ ತೆಗೆದು ಮುಂದಿನ ಗಾಜಿನ ಬುಡದಲ್ಲಿಟ್ಟಳು. "ಶುರು ಮಾಡೋ ಮುಂಚೆ ಒಂದು ಮಾತು ಹೇಳಿ, ಹಾಕ್ಕೋತೀನಿ."

ಅವನಿಗೆ ನಗು ಬಂತು. ಕಾರಿನೊಳಗೆ ಅವನು ನಕ್ಕದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

ಬೈಯಲು ಅವಳು ಜಾಗವನ್ನೇ ಕೊಡಲಿಲ್ಲ ಎಂಬುದೂ ನಿಜ. ಕ್ಲಚ್ಚು ಹಿಡಿಯುವ ಜಾಗವನ್ನು ಕಂಡುಹಿಡಿಯಲು ಉಳಿದವರು ವಾರಗಟ್ಟಲೆ ಒದ್ದಾಡುತ್ತಿದ್ದರು. ಅವಳು ಮೊದಲ ದಿನವೇ, "ಓ, ಇದು ನರ ಹುಡುಕಿದ ಹಾಗೆ! ಒತ್ತಿ ಕೇಳ್ಬೇಕು, ಚುಚ್ಬಾರ್ದು," ಎಂದು ಕಾಲನ್ನು ಮೆಲ್ಲಗೆ ಬಿಟ್ಟಳು; ಕಾರು ಬೆಣ್ಣೆಯ ಮೇಲೆ ಜಾರಿದಂತೆ ಹೊರಟಿತು. ಪರೀಕ್ಷೆಯ ಮೈದಾನದ ಹಿಂದೆ ರೈಲ್ವೆ ಸೇತುವೆಗೆ ಹತ್ತುವ ಏರು ರಸ್ತೆ. ಆ ಏರಿನ ಮಧ್ಯೆ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಎತ್ತಿಕೊಂಡು ಹೋಗಬೇಕು. ಎಂಥವರ ಬೆವರನ್ನೂ ಇಳಿಸುವ ಜಾಗ ಅದು. ಅವಳು ಅಲ್ಲಿ ನಿಂತು, ಬಿಡುವಿದ್ದವರಂತೆ ಆಕಳಿಸಿ, ಎತ್ತಿಕೊಂಡು ಹೋದಳು.

ಅವನ ಕಾಲಿಗೆ ಕೆಲಸವಿಲ್ಲದಂತಾಯಿತು, ಬಾಯಿಗೂ. ಅವಳ ಕ್ಲಾಸಿನ ಹೊತ್ತಿಗೆ ಅವನು ಅಂಗಿ ಬದಲಿಸತೊಡಗಿದ. ಅಕ್ಕನಿಗೆ ಗೊತ್ತಾಗದೆ ಇರುತ್ತದೆಯೇ? "ಏನೋ, ನೀನಾಗೇ ಅಂಗಿ ಇಸ್ತ್ರಿಗೆ ಕೊಡ್ತಿದೀಯ. ಮೈ ಸರಿಯಿದೆ ತಾನೇ?" ಎಂದಳು.

ಪರೀಕ್ಷೆಯ ದಿನ ಬಂತು. ಹೇಳಬೇಕೆಂದುಕೊಂಡ ಮಾತನ್ನು ಅವನು ದಾರಿಯುದ್ದಕ್ಕೂ ಬಾಯಲ್ಲೇ ಮೆಲ್ಲುತ್ತ ಬಂದಿದ್ದ. ಅವಳು ಅದಕ್ಕೆ ಸಂದು ಕೊಡದೆ ವ್ಯಾನಿನ ಬಣ್ಣ, ವ್ಯಾನಿನ ಹಾರನ್ನು, ವ್ಯಾನಿನಲ್ಲಿ ಅಪ್ಪನನ್ನು ಕೂರಿಸಿಕೊಂಡು ಅವರ ಹಳೆಯ ಬಸ್‌ಸ್ಟ್ಯಾಂಡಿನ ಮುಂದೆ ಒಂದು ಸುತ್ತು ಹಾಕುವುದು, ಇದನ್ನೇ ಹೇಳುತ್ತಿದ್ದಳು. ಕೊನೆಗೆ, "ನಾಳೆಯಿಂದ ನಿಮ್ಮ ಕಿವಿಗೆ ಆರಾಮು ಮೇಷ್ಟ್ರೇ. ನನ್ನ ಕಾಟ ತಪ್ಪಿತು," ಎಂದು ಕೈಮುಗಿದಳು.

ಇನ್‌ಸ್ಪೆಕ್ಟರು ಹತ್ತಿ ಹಿಂದೆ ಕೂತರು. ತಿರುವು ಸರಿ, ಹಿಂದಕ್ಕೆ ತೆಗೆಯುವುದು ಸರಿ, ಎಲ್ಲ ಸರಿ. ಉಳಿದದ್ದು ಏರು. ಅವಳು ನಿಲ್ಲಿಸಿದಳು. ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು, ಬಲಗಾಲಲ್ಲಿ ಆಕ್ಸಿಲರೇಟರನ್ನು ಹದವಾಗಿ ಕೊಡುತ್ತ ಕ್ಲಚ್ಚು ಬಿಡತೊಡಗಿದಳು. ಎಂಜಿನ್ನಿನ ದನಿ ಗಟ್ಟಿಯಾಯಿತು. ಇನ್ನೊಂದು ಕ್ಷಣಕ್ಕೆ ಕಾರು ಮುಂದೆ ಹೋಗುತ್ತದೆ, ಅದರ ಹಿಂದೆಯೇ ಅವಳೂ ಹೋಗುತ್ತಾಳೆ.

ಅವನ ಕಾಲು ಬ್ರೇಕಿನ ಮೇಲೆ ಬಿತ್ತು.

ಎಂಜಿನ್ನು ಕೆಮ್ಮಿ, ಒಮ್ಮೆ ನಡುಗಿ, ಸತ್ತಿತು.

ಯೋಚಿಸಿ ಮಾಡಿದೆನೋ ಯೋಚಿಸದೆಯೋ ಎಂದು ಆಮೇಲೆ ಅವನು ತನ್ನನ್ನು ಕೇಳಿಕೊಳ್ಳದ ದಿನವಿಲ್ಲ. ಯೋಚಿಸದೆ ಎಂದುಕೊಂಡರೆ ಸಮಾಧಾನ. ಆದರೆ ಕಾಲು ತಾನಾಗಿ ಅಷ್ಟು ಅಳತೆಯಾಗಿ ಒತ್ತುತ್ತದೆಯೇ? ಹಿಂದೆ ಕೂತವರಿಗೆ ಸುಳಿವು ಸಿಗದಷ್ಟು ಮೆಲ್ಲಗೆ, ಎಂಜಿನ್ನು ಸಾಯುವಷ್ಟು ಗಟ್ಟಿಯಾಗಿ? ಅದು ಕೈಕಸುಬು ಬಲ್ಲವನ ಕೆಲಸ. ತಪ್ಪಿ ಬಿದ್ದ ಕಾಲಲ್ಲ.

"ಇಷ್ಟು ಏರಿಗೇ ಹೀಗಾ?" ಎಂದು ಇನ್‌ಸ್ಪೆಕ್ಟರು ಇಳಿದುಹೋದರು.

ಅವಳು ಅಳಲಿಲ್ಲ. "ಏನಾಯ್ತು? ನಾನೇನು ಮಾಡ್ದೆ?" ಎಂದು ಎರಡು ಸಲ ಕೇಳಿದಳು. ಆಮೇಲೆ ಸ್ಟೀರಿಂಗಿಗೆ ಹಣೆ ಹಚ್ಚಿದಳು. ಹಣೆ ಹಾರನ್ನಿನ ಮೇಲೆ ಬಿದ್ದು ಕಾರು ಕಿರುಚಿಕೊಂಡಿತು. ಅವಳು ಬೆಚ್ಚಿ ಮುಖವೆತ್ತಿ, ತನ್ನ ಪಾಡಿಗೆ ತಾನೇ ನಕ್ಕುಬಿಟ್ಟಳು. "ಕಾರಿಗೂ ದುಃಖ ತಡೆಯೋಕಾಗ್ತಿಲ್ಲ ನೋಡಿ."

ಆಗ ಹೇಳಬೇಕಿತ್ತು. ಅಲ್ಲೇ, ಆ ಏರಿನ ಮೇಲೆ, ಇನ್‌ಸ್ಪೆಕ್ಟರು ಇನ್ನೂ ಕೂಗಳತೆಯಲ್ಲಿರುವಾಗಲೇ. ಅವನು ಹೇಳಿದ್ದು ಬೇರೆ. "ಮುಂದಿನ ಸಲ ಆಗುತ್ತೆ ಬಿಡಿ."

ಮುಂದಿನ ಸಲದ ಹೊತ್ತಿಗೆ ವ್ಯಾನು ಬಂದಿತ್ತು. ಕೀಲಿಕೈ ಲ್ಯಾಬಿನ ಒಡೆಯನ ಬಾಮೈದನ ಜೇಬಿಗೆ ಹೋಗಿತ್ತು. ಆದರೂ ಅವಳು ಬಂದಳು. ಈ ಸಲ ಅವನು ಕಾಲುಗಳನ್ನು ತನ್ನ ಸೀಟಿನ ಅಡಿಗೆ ಮಡಚಿ, ಒಂದರ ಮೇಲೊಂದು ಕತ್ತರಿ ಹಾಕಿ ಕೂತ. ಪ್ರಾಣ ಹೋದರೂ ಮುಟ್ಟುವುದಿಲ್ಲ ಎಂದು. ಏರು ಬಂತು. ಅವಳು ನಿಲ್ಲಿಸಿದಳು. ಅವಳ ಮೇಲುತುಟಿಯ ಮೇಲೆ ಬೆವರು ಮೂಡಿದ್ದನ್ನು ಅವನು ಅಂದೇ ಮೊದಲು ಕಂಡದ್ದು. ಕ್ಲಚ್ಚಿನ ಮೇಲಿದ್ದ ಕಾಲು ಗಡಗಡ ಎನ್ನುತ್ತಿತ್ತು. ಮುಟ್ಟದಿರಲು ಕತ್ತರಿ ಹಾಕಿದ್ದವನು, ಕಾಲು ಕೊಟ್ಟು ಎತ್ತಿಬಿಡೋಣ ಎಂದು ಅದನ್ನು ಬಿಡಿಸಿಕೊಳ್ಳುವುದರೊಳಗೆ ಎಂಜಿನ್ನು ನಿಂತೇಹೋಯಿತು. ಮೊದಲ ಸಲ ಅವನ ಕಾಲು ಅವಳನ್ನು ಫೇಲು ಮಾಡಿತ್ತು. ಎರಡನೇ ಸಲಕ್ಕೆ ಕಾಲು ಬೇಕಾಗಲಿಲ್ಲ. ಅದು ಅವಳೊಳಗೆ ಬಿತ್ತಿಹೋದ ಭಯವೇ ಸಾಕಾಯಿತು.

"ನಮ್ಮಪ್ಪ ಏನಂದ್ರು ಗೊತ್ತಾ?" ಎಂದಳು ಮರುದಿನ, ಫೋನಿನಲ್ಲಿ. "ಬಿಡು ಪುಟ್ಟಿ, ಎಲ್ಲರಿಗೂ ಎಲ್ಲಾ ಬರಲ್ಲ ಅಂದ್ರು. ಅವರ ಬಾಯಲ್ಲಿ ಆ ಮಾತು ಬಂತಲ್ಲ, ಅಲ್ಲಿಗೆ ಮುಗೀತು ಮೇಷ್ಟ್ರೇ. ಇನ್ನು ಆ ಸೀಟಲ್ಲಿ ಕೂರಲ್ಲ ನಾನು."

ಅವಳ ಬಾಯಲ್ಲಿ ಈ ಪ್ರೇಮಕಥೆಯನ್ನು ಕೇಳಿದವರು ಆಮೇಲಿನ ಭಾಗಕ್ಕೆ ಬಂದಾಗ ಅಯ್ಯೋ ಎಷ್ಟು ಚಂದ ಎನ್ನುತ್ತಿದ್ದರು. ಚಂದವಂತೆ! ಅವಳು ಮತ್ತೆ ನೀಲಿ ಪೆಟ್ಟಿಗೆ ಹೊತ್ತು ಬಸ್ಸಿಗೆ ಕಾಯುವುದು, ಇವನು ಎರಡು ಕ್ಲಾಸುಗಳ ನಡುವೆ ಕಾರು ತಿರುಗಿಸಿ ಅವಳೆದುರು ತಂದು ನಿಲ್ಲಿಸುವುದು, "ಈ ಕಡೆಗೇ ಹೊರಟಿದ್ದೆ" ಎಂದು ಹಸಿಹಸಿ ಸುಳ್ಳು ಹೇಳುವುದು. ಅವಳು ಹತ್ತಿ ಕೂರುತ್ತಿದ್ದಳು, ಅವನು ಕಲಿಸುವಾಗ ಕೂರುವ ಅದೇ ಪಕ್ಕದ ಸೀಟಿನಲ್ಲಿ. ಅವಳು ಬಸ್ಸಿನಲ್ಲಿ ನೂಕಾಡಬೇಕಾಗಿ ಬಂದದ್ದೇ ಯಾರಿಂದ? ಕೊಂಡೊಯ್ದು ಬಿಡುವ ಪುಣ್ಯಾತ್ಮ ಯಾರು? ಒಂದೊಂದು ಸಲ ಅವಳು ಇಳಿಯುತ್ತ, "ನೀವಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ," ಎನ್ನುವಾಗ ಕಾರನ್ನು ಕಂಬಕ್ಕೆ ಗುದ್ದಿಬಿಡೋಣ ಎನ್ನಿಸುತ್ತಿತ್ತು ಅವನಿಗೆ.

ಒಂದು ಮಧ್ಯಾಹ್ನ ಸಿಗ್ನಲ್ಲಿನಲ್ಲಿ ಹಸಿರು ಬಿತ್ತು, ಅವನು ಕಾರು ಎತ್ತಿದ. ಅವಳಿಗೆ ಅದೇನು ತುಂಟತನ ಹೊಳೆಯಿತೋ, ತನ್ನ ಕಾಲಬುಡದಲ್ಲಿದ್ದ ಬ್ರೇಕನ್ನು ಹೆಬ್ಬೆರಳಿನಿಂದ ಒತ್ತಿದಳು. ಎಂಜಿನ್ನು ಕೆಮ್ಮಿ, ನಡುಗಿ, ಸತ್ತಿತು. ಹಿಂದಿನವರೆಲ್ಲ ಹಾರನ್ನು ಬಾರಿಸತೊಡಗಿದರು. ಅವನ ಕೈ ಕೀಲಿಯ ಮೇಲೇ ನಿಂತಿತು. ಅವಳಿಗೆ ಗೊತ್ತಾಯಿತು, ಇನ್ನೇನು ತಿರುಗಿ ನೋಡುತ್ತಾಳೆ, ಕೇಳುತ್ತಾಳೆ.

ಅವಳು ಚಪ್ಪಾಳೆ ತಟ್ಟಿ ನಗುತ್ತಿದ್ದಳು. "ಥೇಟ್ ನಾನು ಟೆಸ್ಟಲ್ಲಿ ಮಾಡಿದ ಹಾಗೇ ಆಯ್ತು! ಇನ್ಮೇಲೆ ನನಗೆ ನಗಬೇಡಿ, ನಿಮ್ಮ ಕೈಲೂ ಆಫ್ ಆಗುತ್ತೆ!"

ಸಾಕ್ಷಿ ಅವಳ ಕಾಲಡಿಯಲ್ಲೇ ಇತ್ತು. ಆದರೂ ಅವಳಿಗೆ ಅನುಮಾನ ಹುಟ್ಟಲಿಲ್ಲ. ತಾನು ದಡ್ಡಿ ಎಂಬುದನ್ನು ಅವಳು ಅಷ್ಟು ಗಟ್ಟಿಯಾಗಿ ನಂಬಿಬಿಟ್ಟಿದ್ದಳು. ಆ ರಾತ್ರಿ ಅವನಿಗೆ ಅನ್ನ ಸೇರಲಿಲ್ಲ.

ಮರುದಿನವೇ, "ನಿಮಗೊಂದು ವಿಷಯ ಹೇಳ್ಬೇಕು," ಎಂದ.

"ಹೇಳಿ. ಊರಲ್ಲಿ ಮೊದಲನೇ ಹೆಂಡ್ತಿ ಇದಾಳಾ?"

"ತಮಾಷೆ ಅಲ್ಲ."

"ಹಾಗಾದ್ರೆ ಮೊದ್ಲು ನಾನು ಕೇಳ್ತೀನಿ. ಊರಿಗೆಲ್ಲ ಬೈತೀರಿ, ನನಗ್ಯಾಕೆ ಒಂದು ಸಲಾನೂ ಬೈದಿಲ್ಲ? ಎರಡು ಸಲ ಫೇಲಾದೆ, ಆಗ್ಲೂ ಬೈಯಲಿಲ್ಲ."

"ನಿಮಗೆ ಬೈಯೋ ಹಕ್ಕು ನನಗಿಲ್ಲ," ಎಂದ ಅವನು. ಅವಳೆದುರು ಅವನಾಡಿದ ಮೊದಲ ಸತ್ಯ ಅದು.

ಅವಳು ಸ್ವಲ್ಪ ಹೊತ್ತು ಪೆಟ್ಟಿಗೆಯ ಕೊಂಡಿಯನ್ನು ಹಾಕಿ ತೆಗೆದು ಮಾಡಿದಳು. ಕಿವಿಗಳು ಕೆಂಪಗಾಗಿದ್ದವು. "ಹಕ್ಕು ತಾನೇ ಬೇಕು? ಮದುವೆ ಮಾಡ್ಕೊಂಡು ಬೈರಿ," ಎಂದು ಬಾಗಿಲು ತೆಗೆದು, ಪೆಟ್ಟಿಗೆ ಎದೆಗವಚಿಕೊಂಡು ಓಡಿದಳು.

ಅವನು ಹೇಳಬೇಕೆಂದಿದ್ದ ವಿಷಯ ಒಳಗೇ ಕಲ್ಲಾಗಿ ಕೂತಿತು. ಅದರ ಪಕ್ಕದಲ್ಲೇ ಸಂತೋಷವೂ ಬಂದು ಕೂತಿತು. ಎರಡನ್ನೂ ಹೊತ್ತುಕೊಂಡು ನಡೆಯುವುದು ಹೇಗೆಂದು ಅವನಿಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ.

ಅಕ್ಕನ ಮುಂದೆ ಮಾತ್ರ ಎಲ್ಲವನ್ನೂ ಕಕ್ಕಿಬಿಟ್ಟ. ಅಕ್ಕ ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು. "ಆ ಹುಡುಗಿಗೆ ಗೊತ್ತಾ?"

"ಇಲ್ಲ."

"ಹೇಳ್ಬೇಡ." ಆಮೇಲೆ ಅದೇ ಬಟ್ಟೆಯನ್ನು ಬಿಡಿಸಿ ಮತ್ತೆ ಮಡಚಿದಳು. "ಹೇಳ್ದೇ ಇದ್ರೆ ನಿನ್ನ ಮುಖ ನೋಡೋಕೆ ನನಗೇ ಮನಸ್ಸು ಬರಲ್ಲ. ನನ್ನನ್ಯಾಕೋ ಕೇಳ್ತೀಯಾ? ಬೈಕೊಂಡೋ ಬಡ್ಕೊಂಡೋ ನಿನ್ನ ದೊಡ್ಡೋನು ಮಾಡ್ದೆ. ಹೀಗೆ ಮಾಡು ಅಂತ ಯಾವತ್ತು ಹೇಳ್ಕೊಟ್ಟಿದ್ದೆ?"

ನಿಶ್ಚಿತಾರ್ಥ ಹುಡುಗಿಯ ಮನೆಯಲ್ಲೇ ಆಯಿತು. ಎರಡು ಕೋಣೆಯ ಮನೆ. ಪಕ್ಕದ ಮನೆಗಳಿಂದ ತಂದ ಕುರ್ಚಿಗಳು ಒಂದಕ್ಕೊಂದು ಹೊಂದದೆ ಎತ್ತರ ತಗ್ಗಾಗಿ ನಿಂತಿದ್ದವು. ಯಜಮಾನ ಆ ದಿನಕ್ಕೆಂದು ಸ್ಕೂಲಿನ ಕಾರನ್ನೇ ಕೊಟ್ಟು ಕಳಿಸಿದ್ದ. ತಲೆಯ ಮೇಲೆ ಕಲಿಕೆಯ ಬೋರ್ಡು ಹೊತ್ತು ಅದು ಬಾಗಿಲೆದುರು ನಿಂತಿತ್ತು. ಉಂಗುರ ಬದಲಾಯಿಸಿಕೊಂಡರು. ಅವಳ ಬೆರಳು ಬೆಚ್ಚಗಿತ್ತು, ಅವನ ಬೆರಳು ಐಸು. "ಟ್ಯೂಬ್ ಥರ ಇದೀರಲ್ಲ," ಎಂದು ಅವಳು ಪಿಸುಗುಟ್ಟಿದಳು.

ಹೇಗೆ ಪರಿಚಯ ಎಂದು ಯಾರೋ ಕೇಳಿದರು. ಅವಳು ಸೆರಗು ಸಿಕ್ಕಿಸಿಕೊಂಡು ಶುರುಮಾಡಿದಳು. ಹತ್ತಿಯಿಂದ ಹಿಡಿದು ಹಾರನ್ನಿನವರೆಗೆ ಎಲ್ಲವನ್ನೂ ನಟಿಸಿ ತೋರಿಸಿದಳು. ಏರಿನ ಮೇಲೆ ಕಾರು ನಿಂತದ್ದನ್ನು ಕೆಮ್ಮಿ ತೋರಿಸಿದಾಗ ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. "ನನ್ನ ಕಾಲಿಗೆ ಬುದ್ಧಿ ಇಲ್ಲ. ಆದ್ರೆ ಇವರ ತಾಳ್ಮೆ ನೋಡ್ಬೇಕಿತ್ತು. ಅಲ್ಲಿ ಎಲ್ಲರೂ ಕಾಲು ಕೊಟ್ಟು ಪಾಸು ಮಾಡಿಸ್ತಾರೆ, ಇವರು ಅದೂ ಮಾಡ್ಲಿಲ್ಲ. ಅಷ್ಟು ಪ್ರಾಮಾಣಿಕ!"

"ಡ್ರೈವಿಂಗ್ ಬರದಿದ್ರೇನಂತೆ, ಡ್ರೈವರು ಬಂದ್ನಲ್ಲ," ಎಂದಳು ಅವಳಜ್ಜಿ, ಬೊಚ್ಚುಬಾಯಿ ತೆರೆದು. ಮತ್ತೆ ನಗು. ಅವಳಪ್ಪ ಎದ್ದು ಬಂದು, ಮಂಜು ಕವಿದ ಕಣ್ಣನ್ನು ಅವನ ಮುಖದ ಹತ್ತಿರಕ್ಕೆ ತಂದು, ಎರಡೂ ಕೈ ಹಿಡಿದುಕೊಂಡರು. "ಸೋತು ಬಂದಾಗ ಜೊತೆಗಿದ್ರಲ್ಲಪ್ಪ. ಅದು ದೊಡ್ಡದು," ಎಂದರು.

ಮೂಲೆಯಲ್ಲಿ ಅಕ್ಕ ತಲೆ ತಗ್ಗಿಸಿ ಸೀರೆಯ ಅಂಚನ್ನು ನೇವರಿಸುತ್ತಿದ್ದಳು.

ಅಷ್ಟರಲ್ಲಿ ಲ್ಯಾಬಿನಿಂದ ಬಂದಿದ್ದ ಅವಳ ಗೆಳತಿ, "ಅಯ್ಯೋ, ಹೇಳೋಕೇ ಮರೆತೆ ಕಣೇ," ಎಂದಳು. "ಬಾಮೈದ ಬಿಟ್ಟು ಹೋದ. ವ್ಯಾನನ್ನ ಗೇಟಿಗೆ ಕುಟ್ಟಿ, ಬೈಸ್ಕೊಂಡು, ಕೀಲಿ ಎಸೆದು ಹೋದ. ಯಾರಾದ್ರೂ ಬೇಕು ಅಂತ ಹುಡುಕ್ತಿದಾರೆ. ಈಗ್ಲಾದ್ರೂ ಒಂದು ಸಲ ನೋಡ್ಬಾರ್ದಾ ನೀನು?"

ಅವನು ಅವಳ ಮುಖ ನೋಡಿದ. ಒಂದೇ ಒಂದು ಗಳಿಗೆ ಅಲ್ಲಿ ಹಳೆಯ ಬೆಳಕು ಹೊತ್ತಿಕೊಂಡಿತು. ವ್ಯಾನಿನ ಬಣ್ಣ, ವ್ಯಾನಿನ ಹಾರನ್ನು. ಮರುಗಳಿಗೆಯಲ್ಲಿ ಅವಳೇ ಅದನ್ನು ಊದಿ ಆರಿಸಿದಳು. "ಬೇಡಮ್ಮ. ಆ ಗೇಟಾದ್ರೂ ಉಳೀಲಿ. ನನ್ನ ಕೈಗೆ ಕೊಟ್ರೆ ಕಟ್ಟಡಾನೇ ಬೀಳುತ್ತೆ," ಎಂದು ಎಲ್ಲರಿಗಿಂತ ಜೋರಾಗಿ ನಕ್ಕಳು.

ಆ ನಗುವನ್ನು ಅವನಿಂದ ಸಹಿಸಲಾಗಲಿಲ್ಲ. ಉಳಿದವರ ನಗುವಿಗೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ಇದಕ್ಕೆ ಯಾರ ಮೇಲೆ ಸಿಟ್ಟು ಮಾಡುವುದು? ಎದ್ದು ಅವಳ ಹತ್ತಿರ ಹೋಗಿ, "ಒಂದ್ನಿಮಿಷ ಹೊರಗೆ ಬಾ," ಎಂದ. ಮೊದಲ ಸಲ ಏಕವಚನ. ನೆಂಟರು ಹೋ ಎಂದು ಕೂಗಿದರು. "ಈಗ್ಲೇ ಶುರುವಾಯ್ತು!" ಎಂದಳು ಅಜ್ಜಿ.

ಇಬ್ಬರೂ ಕಾರಿನಲ್ಲಿ ಕೂತರು. ಅವನು ಸ್ಟೀರಿಂಗಿನ ಹಿಂದೆ, ಅವಳು ಪಕ್ಕದಲ್ಲಿ. ಅವನು ಹೊರಡಲಿಲ್ಲ. ಮುಂದೆ ನೋಡಿಕೊಂಡೇ ಹೇಳಿದ. ಹೇಗೆ ಹೇಳಬೇಕೆಂದು ತಿಂಗಳುಗಟ್ಟಲೆ ಹೆಣೆದಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಅವತ್ತು ಕಾರು ನಿನ್ನಿಂದ ನಿಲ್ಲಲಿಲ್ಲ. ನಾನು ಬ್ರೇಕ್ ಒತ್ತಿದೆ. ನೀನು ಪಾಸಾದ್ರೆ ಮತ್ತೆ ಬರಲ್ಲ ಅಂತ ಒತ್ತಿದೆ. ನಿನಗೆ ಎಲ್ಲಾ ಬರ್ತಿತ್ತು. ಎರಡನೇ ಸಲ ನಾನು ಮುಟ್ಟಲಿಲ್ಲ. ಆದ್ರೆ ಅದೂ ನನ್ನದೇ."

ಮನೆಯೊಳಗಿಂದ ಲೋಟಗಳ ಸದ್ದು, ನಗು ಕೇಳಿಬರುತ್ತಿತ್ತು. ಅವಳು ತಲೆ ತಗ್ಗಿಸಿ ಕಾಲ ಬಳಿಯ ಬ್ರೇಕನ್ನು ನೋಡುತ್ತಿದ್ದಳು. "ಆ ಸಿಗ್ನಲ್ಲಲ್ಲಿ ನಾನೇ ಒತ್ತಿ ನೋಡಿದ್ದೆ," ಎಂದಳು ಕೊನೆಗೆ. "ಅದೇ ಕೆಮ್ಮು. ಅದೇ ನಡುಕ. ನನಗೆ ನಿನ್ನ ಮೇಲೆ ಅನುಮಾನ ಬರಲಿಲ್ಲ. ನನ್ನ ಮೇಲೇ ಬಂತು. ಎಂಥಾ ಕೆಲಸ ಮಾಡಿದೀಯೋ ನೀನು."

"ಬೈ," ಎಂದ ಅವನು. "ಬೈದುಬಿಡು. ಹೊಡಿ ಬೇಕಾದ್ರೆ."

"ಇಳಿ."

ಅವನು ಇಳಿದ. ಅವಳು ಸುತ್ತಿ ಬಂದು ಸ್ಟೀರಿಂಗಿನ ಹಿಂದೆ ಕೂತಳು. ಅವನು ಪಕ್ಕದ ಬಾಗಿಲಿಗೆ ಕೈ ಹಾಕಿದಾಗ, "ಅಲ್ಲಲ್ಲ. ಹಿಂದೆ," ಎಂದಳು.

ಅವಳು ಸೀದಾ ಸೇತುವೆಯ ಏರಿಗೆ ಹೋದಳು. ಮಧ್ಯದಲ್ಲಿ ನಿಲ್ಲಿಸಿದಳು. ಕನ್ನಡಿಯಲ್ಲಿ ಅವನಿಗೆ ಅವಳ ಕಣ್ಣು ಮಾತ್ರ ಕಾಣುತ್ತಿತ್ತು. ಮೊದಲ ಸಲ ಕಾರು ಒಂದಷ್ಟು ಹಿಂದಕ್ಕೆ ಜಾರಿತು. ಅವಳು ಹಲ್ಲು ಕಚ್ಚಿ ತಡೆದಳು. ಅವನು ಬಾಯಿ ತೆರೆದ. "ಮಾತಾಡಿದ್ರೆ ಇಲ್ಲೇ ಇಳಿಸ್ತೀನಿ," ಎಂದಳು. ಎರಡನೇ ಸಲ ಎಂಜಿನ್ನಿನ ದನಿ ಗಟ್ಟಿಯಾಯಿತು, ಕಾರು ಮುಂದಕ್ಕೆ ಹೋಯಿತು. ಸ್ವಲ್ಪ ಮೇಲೆ ಮತ್ತೆ ನಿಲ್ಲಿಸಿದಳು. ಮತ್ತೆ ಎತ್ತಿದಳು. ಮತ್ತೆ. ಸೇತುವೆಯ ನೆತ್ತಿ ಮುಟ್ಟುವವರೆಗೆ ನಿಲ್ಲಿಸುವುದು, ಎತ್ತುವುದು. ಅಲ್ಲಿ ಪಕ್ಕಕ್ಕೆ ಹಾಕಿ, ಸ್ಟೀರಿಂಗು ಹಿಡಿದೇ ಅತ್ತಳು. ಫೇಲಾದಾಗ ಅಳದವಳು ಈಗ ಬಿಕ್ಕಿ ಬಿಕ್ಕಿ ಅತ್ತಳು. ಅವನು ಹಿಂದಿನ ಸೀಟಿನಲ್ಲಿ ಮೈ ಮುದುಡಿಕೊಂಡು ಕೂತಿದ್ದ. ಹೆಗಲು ಮುಟ್ಟಲು ಕೈ ಎತ್ತಿ, ಹಾಗೇ ಇಳಿಸಿದ.

"ಈಗ ಮನೆಗೆ ಹೋಗಿ ಹೇಳ್ಬೇಕು," ಎಂದಳು ಮುಖ ಒರೆಸಿಕೊಂಡು. "ನನಗೆ ಹೇಳಿದ ಹಾಗೇ. ಎಲ್ಲರ ಮುಂದೆ. ಇಷ್ಟು ದಿನ ನಕ್ಕಿದಾರಲ್ಲ, ಅವರೆಲ್ಲರ ಮುಂದೆ. ನಾನು ಹೇಳಲ್ಲ, ನೀನು ಹೇಳು."

ಅವನು ಹೇಳಿದ. ಹೊಂದದ ಕುರ್ಚಿಗಳ ನಡುವೆ, ಟೀ ಲೋಟ ಹಿಡಿದು ಕೂತವರ ಮುಂದೆ ನಿಂತು, ಅದೇ ಮಾತುಗಳಲ್ಲಿ ಹೇಳಿದ. ಮೊದಲು ಯಾರೋ ತಮಾಷೆ ಎಂದು ನಕ್ಕರು. ಆಮೇಲೆ ಟೀ ಲೋಟಗಳು ಒಂದೊಂದಾಗಿ ಕೆಳಗಿಳಿದವು. ಅಕ್ಕ ಕಣ್ಣು ಮುಚ್ಚಿಕೊಂಡಳು.

ಅವಳಪ್ಪ ಎದ್ದರು. ಈಗ ಕೆನ್ನೆಗೆ ಬೀಳುತ್ತದೆ ಎಂದು ಅವನು ನಿಂತಲ್ಲೇ ನಿಂತ, ಈ ಸಲ ಯಾರ ಕೈಯನ್ನೂ ತಿರುಚುವುದಿಲ್ಲ ಎಂದುಕೊಂಡು. ಅವರು ಅವನನ್ನು ದಾಟಿ, ಕುರ್ಚಿಗಳನ್ನು ತಡವರಿಸುತ್ತ ಮಗಳ ಬಳಿಗೆ ಹೋದರು. "ಎಲ್ಲರಿಗೂ ಎಲ್ಲಾ ಬರಲ್ಲ ಅಂದೆನಲ್ಲ ಪುಟ್ಟಿ ನಾನು," ಎಂದರು. "ನಿನ್ನ ಕೈ ನೋಡಿ ಬೆಳೆಸಿದೋನು, ನಾನೂ ನಂಬಿಬಿಟ್ಟೆ." ಅವರ ದನಿ ಒಡೆಯಿತು. ಅವನ ಕಡೆ ತಿರುಗಿಯೂ ನೋಡಲಿಲ್ಲ.

"ನೀನು ಅಳ್ಬೇಡಪ್ಪ," ಎಂದು ಅವಳು ಅವರನ್ನು ಕೂರಿಸಿದಳು. ಗೆಳತಿಯ ಕಡೆ ತಿರುಗಿ, "ವ್ಯಾನಿಗೆ ನಾನಿದೀನಿ ಅಂತ ಹೇಳೇ. ಟೆಸ್ಟು ಬೇರೆ ಸ್ಕೂಲಿಂದ ಕೊಡ್ತೀನಿ," ಎಂದಳು.

"ಮತ್ತೆ ಇದು?" ಎಂದಳು ಅಜ್ಜಿ, ಗದ್ದದಿಂದ ಅವಳ ಬೆರಳನ್ನು ತೋರಿಸಿ. ಮನೆಯವರ ಕಣ್ಣೆಲ್ಲ ಉಂಗುರದ ಮೇಲೆ ಬಿತ್ತು.

ಅವಳು ಅದನ್ನು ಒಂದು ಸುತ್ತು ತಿರುಗಿಸಿದಳು.

"ಇರ್ಲಿ," ಎಂದಳು. "ತೆಗೆದು ಕೊಟ್ರೆ ಇವನಿಗೆ ಸಲೀಸು. ಹೋಗಿ ಇನ್ನೆಲ್ಲೋ ಯಾರಿಗೋ ಬೈಕೊಂಡು ಹಗುರಾಗಿ ಇರ್ತಾನೆ. ಇಲ್ಲೇ ಇರ್ಲಿ, ನನ್ನ ಕಣ್ಮುಂದೆ. ಮದುವೆ ಯಾವಾಗ ಅಂತ ನಾನು ಹೇಳ್ತೀನಿ. ಹೇಳ್ದೇನೂ ಇರಬಹುದು."

ಅವನನ್ನು ಹೊರಗೆ ದಬ್ಬುವವರಿಲ್ಲ, ಕೂತುಕೋ ಎನ್ನುವವರಿಲ್ಲ. ಕೊನೆಗೆ ಅಜ್ಜಿಯೇ ಪಕ್ಕದ ಸ್ಟೂಲನ್ನು ಕಾಲಿಂದ ಅವನತ್ತ ತಳ್ಳಿದಳು. "ಕಂಬದ ಹಾಗೆ ಯಾಕೆ ನಿಂತೆ? ಕೂತ್ಕೋ. ಟೀ ಆರ್ತಿದೆ."

ಅವನು ಕೂತ. ಜೀವನದಲ್ಲಿ ಬೈಗುಳಕ್ಕೆ ಅವನ ಬಳಿ ಉತ್ತರ ಇಲ್ಲದೆ ಇದ್ದದ್ದಿಲ್ಲ. ಯಾರಾದರೂ ಒಬ್ಬರು ಕೂಗಿದ್ದರೆ ಅವನೂ ಕೂಗಿ, ಬಾಗಿಲು ಬಡಿದು, ಬಿಡುಗಡೆಯಾಗುತ್ತಿದ್ದ. ಯಾರೂ ಕೂಗಲಿಲ್ಲ. ಎದುರಿನ ಕುರ್ಚಿಯಲ್ಲಿ ಅವಳು ಅಪ್ಪನ ಕೈ ಹಿಡಿದು ಕೂತು ಅವನನ್ನೇ ನೋಡುತ್ತಿದ್ದಳು. ಅವನು ಆ ಟೀಯನ್ನು ಗುಟುಕು ಗುಟುಕಾಗಿ ನುಂಗತೊಡಗಿದ.